ಕಾರಿನ ಫ್ಯೂಯಲ್ ಪಂಪಿಗೆ 12 ವೋಲ್ಟ್ ಬರ್ತಿದೆ, ಆದ್ರೂ ಓಡಲ್ಲ. ಹೊಸ ಪಂಪ್ ಹಾಕಿಸಲೇ?

ಪ್ರಶ್ನೆ:
ನಮಸ್ಕಾರ. ನನ್ನದು ಹಳೆಯ ಎಂಪಿಎಫ್‌ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಪೆಟ್ರೋಲ್ ಕಾರು, ಊರು ಕುಂದಾಪುರ. ಒಮ್ಮೊಮ್ಮೆ ಸ್ಟಾರ್ಟರ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಆಗ ಟ್ಯಾಂಕಿನಿಂದ ಪಂಪಿನ ಸದ್ದೂ ಕೇಳುವುದಿಲ್ಲ. ಫ್ಯೂಸ್ ಸರಿಯಿದೆ, ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್) ಹೊಸದು. ಪಂಪಿನ ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟರೆ 12.3 ತೋರಿಸುತ್ತದೆ. ಪಂಪೇ ಹೋಗಿದೆ ಅಂತಾರೆ ಮೆಕ್ಯಾನಿಕ್.

ಉತ್ತರ:
ಸ್ವಲ್ಪ ತಡೆಯಿರಿ ಸರ್, ಪಂಪ್ ಈಗಲೇ ಕೊಳ್ಳಬೇಡಿ. ಆ 12.3 ನಂಬುವ ಹಾಗಿಲ್ಲ. ಕನೆಕ್ಟರ್ ಬಿಚ್ಚಿದಾಗ ವೈರಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ ಅಲ್ವಾ? ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಪಂಪ್ ಓಡಲು ಸುಮಾರು ನಾಲ್ಕೈದು ಆಂಪಿಯರ್ ಬೇಕು. ಅಷ್ಟನ್ನು ಆ ಎಳೆ ಕೊಡಲಾರದು.

ಕನೆಕ್ಟರ್ ಹಾಕಿಟ್ಟೇ ಅಳೆಯಿರಿ. ವೈರ್ ಒಳಹೋಗುವ ಕಡೆಯಿಂದ ತೆಳುವಾದ ಪಿನ್ ತೂರಿಸಿ, ಅದಕ್ಕೆ ಮೀಟರ್ ಮುಟ್ಟಿಸಿ. ಕೀ ಆನ್ ಮಾಡಿದರೆ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಪಂಪನ್ನು ಎರಡು ಮೂರು ಸೆಕೆಂಡ್ ಅಷ್ಟೇ ಓಡಿಸುತ್ತದೆ. ಆಮೇಲೆ ಎಂಜಿನ್ ತಿರುಗುತ್ತಿರುವ ಸಿಗ್ನಲ್ ಬೇಕು. ಹಾಗಾಗಿ ಅಳೆಯುವಾಗ ಇನ್ನೊಬ್ಬರು ಕ್ರ್ಯಾಂಕ್ ಮಾಡುತ್ತಿರಲಿ (ಸ್ಟಾರ್ಟರ್ ತಿರುಗಿಸುತ್ತಿರಲಿ). ಅದರ ಬದಲು ರಿಲೇ ತೆಗೆದು ಸಾಕೆಟ್ಟಿಗೆ ಜಂಪರ್ (ನೇರ ಜೋಡಿಸುವ ವೈರ್) ಹಾಕುವುದಾದರೆ 30 ಮತ್ತು 87 ನಂಬರಿನ ಪಿನ್‌ಗಳ ನಡುವೆ ಮಾತ್ರ, ಅದೂ ಫ್ಯೂಸ್ ಇರುವ ವೈರ್. ನಂಬರ್ ಕಾಣದಿದ್ದರೆ ಆ ಕೆಲಸಕ್ಕೆ ಕೈ ಹಾಕಬೇಡಿ. 85, 86 ರಿಲೇಯನ್ನು ಆನ್ ಮಾಡುವ ಕಾಯಿಲ್ ಕಡೆಯವು, ತಪ್ಪಿದರೆ ಇಸಿಯು ಸುಡಬಹುದು. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಏನನ್ನೂ ಮುಟ್ಟಬೇಡಿ, ಒಂದು ಕಿಡಿ ಸಾಕು.

ಬೇಕಿರುವುದು ಎರಡೇ ರೀಡಿಂಗ್. ಬ್ಯಾಟರಿ ಪ್ಲಸ್‌ನಿಂದ ಪಂಪಿನ ಪ್ಲಸ್‌ಗೆ. ಪಂಪಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ. ಎರಡೂ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಯಾವುದು ಜಾಸ್ತಿಯೋ ಆ ಕಡೆ ದೋಷ. ಎರಡೂ ಕಡಿಮೆ ಇದ್ದೂ ಪಂಪ್ ಸುಮ್ಮನಿದ್ದರೆ ಪಂಪೇ ಹೋಗಿದೆ. ಸಮಸ್ಯೆ ಇರುವಾಗಲೇ ಅಳೆಯಿರಿ, ಸರಿಯಿರುವಾಗ ಅಳೆದರೆ ಏನೂ ಸಿಗುವುದಿಲ್ಲ. ಪೆಟ್ರೋಲ್ ಗೇಜಿನ ಮುಳ್ಳು ಸುಮ್ನೆ ಆಡುತ್ತದೆಯೇ?

ಪ್ರಶ್ನೆ ಕೇಳಿದವರು:
ಹೌದು, ಆಡುತ್ತದೆ! ಈ ಬೆಳಿಗ್ಗೆ ಮತ್ತೆ ನಿಂತಿತು. ಪ್ಲಸ್ ಕಡೆ 0.3, ಮೈನಸ್ ಕಡೆ 7.8.

ಉತ್ತರ:
ಸಿಕ್ಕಿತು ಬಿಡಿ. ಅರ್ತಿಂಗ್ (ಮೈನಸ್ ಕಡೆಯ ಸಂಪರ್ಕ) ಹೋಗಿದೆ. ಗೇಜಿಗೂ ಪಂಪಿಗೂ ಎಷ್ಟೋ ಗಾಡಿಗಳಲ್ಲಿ ಒಂದೇ ಅರ್ತ್, ಅದಕ್ಕೇ ಮುಳ್ಳಿನ ವಿಷಯ ಕೇಳಿದ್ದು. ಪಂಪಿನ ಮೈನಸ್ ವೈರ್ ಹಿಡಿದುಕೊಂಡು ಹೋಗಿ, ಕಾರಿನ ಬಾಡಿಯ ಮೇಲೆ ಅದನ್ನು ಬೋಲ್ಟ್ ಹಾಕಿರುವ ಜಾಗ ಸಿಗುತ್ತದೆ. ಹಿಂದಿನ ಸೀಟಿನ ಕೆಳಗೆ, ಕಾರ್ಪೆಟ್ ಎತ್ತಿ ನೋಡಿ. ಮೊದಲು ಬ್ಯಾಟರಿ ಮೈನಸ್ ಕಳಚಿ. ಆಮೇಲೆ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದ ಹಾಕಿ ಉಜ್ಜಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ, ಕಡಲ ಕಡೆಯ ಗಾಳಿಗೆ ಇದು ಬೇಕೇ ಬೇಕು. ಲಗ್ (ವೈರಿನ ತುದಿಯಲ್ಲಿ ಬೋಲ್ಟಿಗೆ ಸಿಕ್ಕಿಸುವ ಲೋಹದ ತುಂಡು) ಒಳಗೂ ನೋಡುವುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಬೋಲ್ಟ್ ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಲಗ್ ಎಳೆದರೆ ವೈರ್ ಕೈಗೇ ಬಂತು, ತುದಿಯೆಲ್ಲ ಹಸಿರು ಪುಡಿ. ಒಳ್ಳೆಯ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಲಗ್ ಕ್ರಿಂಪ್ ಮಾಡಿಸಿದೆ (ಒತ್ತಿ ಬಿಗಿ ಮಾಡಿಸಿದೆ). ಈಗ ಮೈನಸ್ ಕಡೆ 0.1. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ತುಂಬಾ ಥ್ಯಾಂಕ್ಸ್ ಸರ್.

ಉತ್ತರ:
ಬಹಳ ಖುಷಿಯಾಯಿತು. ಬಿಡುವಾದಾಗ ಫ್ಯೂಯಲ್ ಪ್ರೆಶರ್ ಒಮ್ಮೆ ನೋಡಿಸಿ. ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 3 ಬಾರ್ ಆಸುಪಾಸು ಇರುತ್ತದೆ, ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ.