ಪದಚರ್ಚೆ: ಉರಿಯದ ಶಕ್ತಿಗೆ ‘ಇಂಧನ’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲಿ ದುಡಿದವರಿಗೆ ಸೌರ ಘಟಕ, ಬ್ಯಾಟರಿ ಘಟಕಗಳ ಕೆಲಸ ಕಲಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ಹೆಸರಿನಲ್ಲೇ ‘ಕ್ಲೀನ್ ಎನರ್ಜಿ ಟ್ರಾನ್ಸಿಷನ್’ ಎಂಬ ಮೂರು ಪದಗಳಿವೆ. ಪತ್ರಿಕೆಗಳಲ್ಲಿ ಕಾಣುವಂತೆ ‘ಶುದ್ಧ ಇಂಧನ ಪರಿವರ್ತನೆ’ ಎಂದು ಬರೆದು, ಮತ್ತೆ ಯೋಚಿಸದೆ ಮುಂದಿನ ಪುಟಗಳಿಗೆ ಹೋಗಿದ್ದೆ. ಕರಡನ್ನು ಓದಿ ನೋಡಲು ಬಾಯ್ಲರ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಹಿರಿಯರೊಬ್ಬರಿಗೆ ಕೊಟ್ಟೆ. ಹಾಳೆಗಳು ಮರಳಿ ಬಂದಾಗ ‘ಪವನ ಇಂಧನ’ ಎಂದಿದ್ದ ಕಡೆಯೆಲ್ಲ ಪೆನ್ಸಿಲ್ ಗೆರೆ. ಮೊದಲ ಗೆರೆಯ ಪಕ್ಕದಲ್ಲಿ ಎರಡೇ ಪದ: ‘ಏನು ಉರಿಯುತ್ತದೆ?’

ಆ ಎರಡು ಪದಗಳಿಗೆ ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕೇ ಈ ಪತ್ರ.

‘ಇಂಧನ’ದ ಮೂಲ ಸಂಸ್ಕೃತದ ‘ಇಂಧ್’ ಧಾತು. ಹೊತ್ತಿಸು, ಉರಿಸು ಎಂದು ಅದರ ಅರ್ಥ. ಬೆಂಕಿಗೆ ಒಡ್ಡುವ ಸೌದೆಯೇ ಮೊದಲ ಇಂಧನ. ನಮ್ಮ ‘ಉರುವಲು’ ಕೂಡ ಉರಿಯಿಂದಲೇ ಹುಟ್ಟಿದ ಪದ. ‘ಗಾಳಿಯ ಉರುವಲು’, ‘ಬಿಸಿಲಿನ ಉರುವಲು’ ಎಂದರೆ ಕಿವಿಗೆ ತಟ್ಟನೆ ತಪ್ಪು ಕೇಳಿಸುತ್ತದೆ. ‘ಸೌರ ಇಂಧನ’ ಎಂದಾಗ ಹಾಗೆ ಕೇಳಿಸುವುದಿಲ್ಲ, ಏಕೆಂದರೆ ಸಂಸ್ಕೃತದ ಪದವಾದ್ದರಿಂದ ಅದರೊಳಗಿನ ಬೆಂಕಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಾಯ್ಲರ್ ಮುಂದೆ ನಿಂತು ಬದುಕು ಕಳೆದವರ ಕಣ್ಣಿಗೆ ಬಿತ್ತು.

ಗಮನಿಸಿದರೆ, ಕನ್ನಡ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಸರಿಯಾಗಿ ಗುರುತಿಸಿತ್ತು. ಸೌರಶಕ್ತಿ, ಪವನಶಕ್ತಿ, ಜಲಶಕ್ತಿ, ಪರಮಾಣು ಶಕ್ತಿ ಎಲ್ಲವೂ ‘ಶಕ್ತಿ’ಗಳೇ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿದ್ದು ಚಲನಶಕ್ತಿ, ಪ್ರಚ್ಛನ್ನ ಶಕ್ತಿ, ಶಕ್ತಿ ಸಂರಕ್ಷಣೆಯ ನಿಯಮ. ಪರಮಾಣು ಶಕ್ತಿಯ ವಿಷಯದಲ್ಲಂತೂ ಎರಡೂ ಪದಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತಿವೆ: ಸ್ಥಾವರದೊಳಗೆ ಇಡುವ ಯುರೇನಿಯಂ ಸರಳುಗಳು ಪರಮಾಣು ಇಂಧನ, ಅಲ್ಲಿಂದ ಹೊರಬರುವುದು ಪರಮಾಣು ಶಕ್ತಿ. ಹಾಗಿದ್ದೂ ‘ಎನರ್ಜಿ’ ಎಂದು ಇಂಗ್ಲಿಷಿನಲ್ಲಿ ಕಂಡ ಕಡೆಯೆಲ್ಲ ‘ಇಂಧನ’ ಎಂದು ಬರೆಯುವ ರೂಢಿ ಇಲಾಖೆಗಳ ಹೆಸರುಗಳಿಗೂ ವರದಿಗಳಿಗೂ ಹಬ್ಬಿದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳೇ ಎಲ್ಲವೂ ಆಗಿದ್ದ ಕಾಲದಲ್ಲಿ ಶಕ್ತಿಗೂ ಇಂಧನಕ್ಕೂ ನಡುವೆ ಗೆರೆ ಎಳೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಈಗ ಬಿದ್ದಿದೆ.

ಇದು ಬರಿಯ ನಿಘಂಟಿನ ಕೂದಲು ಸೀಳುವ ಕೆಲಸವಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಈಗ ನಡೆಯುತ್ತಿರುವ ಬದಲಾವಣೆಯ ತಿರುಳೇ ಇಂಧನ ಬೇಕಾದ ಶಕ್ತಿಯಿಂದ ಇಂಧನ ಬೇಡದ ಶಕ್ತಿಗೆ ಹೋಗುವುದು. ಕಲ್ಲಿದ್ದಲಿನ ಸ್ಥಾವರ ನಡೆದಷ್ಟು ದಿನವೂ ಅದಕ್ಕೆ ಉಣಿಸುತ್ತಲೇ ಇರಬೇಕು: ಗಣಿಯಲ್ಲಿ ಅಗೆಯಬೇಕು, ರೈಲಿಗೆ ತುಂಬಬೇಕು, ಪುಡಿ ಮಾಡಿ ಕುಲುಮೆಗೆ ಊದಬೇಕು, ಬೂದಿಯನ್ನು ಹೊರಗೆ ಸಾಗಿಸಬೇಕು. ಪ್ರಪಂಚದ ಹಡಗುಗಳು ಹೊರುವ ಸರಕಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಲ್ಲಿದ್ದಲು, ತೈಲ, ಅನಿಲಗಳೇ. ಸೌರ ಫಲಕಕ್ಕೋ ಗಾಳಿಯಂತ್ರಕ್ಕೋ ಇದೊಂದೂ ಇಲ್ಲ. ಅಲ್ಲಿ ಖರ್ಚಿನ ಬಹುಪಾಲು ಮೊದಲೇ ಬೀಳುತ್ತದೆ. ಆಮೇಲೆ ಬಿಸಿಲು ಬಿಲ್ಲು ಕಳಿಸುವುದಿಲ್ಲ.

ಸವಾಲೂ ಅವಕಾಶವೂ ಹುಟ್ಟುವುದು ಇಲ್ಲೇ. ಖರ್ಚಿನ ಬಹುಪಾಲು ಮೊದಲೇ ಬೀಳುವುದರಿಂದ ಸಾಲದ ಬಡ್ಡಿಯೇ ನಿರ್ಣಾಯಕವಾಗುತ್ತದೆ. ಅದೇ ಫಲಕ, ಅಷ್ಟೇ ಬಿಸಿಲು ಇದ್ದರೂ, ಬಡ್ಡಿ ಹೆಚ್ಚಿರುವ ಬಡ ದೇಶದಲ್ಲಿ ಅದು ಕೊಡುವ ವಿದ್ಯುತ್ತು ದುಬಾರಿಯಾಗುತ್ತದೆ. ಇನ್ನೊಂದು ಕಡೆ, 2010ರ ದಶಕದಲ್ಲಿ ಸೌರ ವಿದ್ಯುತ್ತಿನ ಉತ್ಪಾದನಾ ವೆಚ್ಚ ಶೇ 80ಕ್ಕೂ ಹೆಚ್ಚು ಇಳಿಯಿತು. ಫಲಕ ಕಾರ್ಖಾನೆಯಲ್ಲಿ ತಯಾರಾಗುವ ವಸ್ತುವಾದ್ದರಿಂದ ತಯಾರಿಸಿದಷ್ಟೂ ಅಗ್ಗವಾಯಿತು. ನೆಲದಿಂದ ಅಗೆದು ಸುಡುವ ಸರಕಿನ ಬೆಲೆಯಲ್ಲಿ ಅಂಥ ಇಳಿಕೆ ಕಾಣಸಿಗುವುದಿಲ್ಲ. ‘ಸೌರ ಇಂಧನ ಅಗ್ಗವಾಯಿತು’ ಎಂದು ಬರೆದರೆ ಓದುಗರು ಏನೆಂದು ತಿಳಿಯಬೇಕು? ಬಿಸಿಲು ಎಂದಿನಿಂದಲೂ ಪುಕ್ಕಟೆ. ಅಗ್ಗವಾದದ್ದು ಉಪಕರಣ.

ನನ್ನ ಅನುಮಾನಕ್ಕೆ ಒಂದು ಒಳ್ಳೆಯ ಸಾಕ್ಷಿ ದುಬೈಯಲ್ಲಿ ಸಿಕ್ಕಿತು. 2023ರಲ್ಲಿ ಅಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮಾವೇಶದ ನಿರ್ಣಯದಲ್ಲಿ ‘ಎನರ್ಜಿ’ ವ್ಯವಸ್ಥೆಗಳೂ ಪಳೆಯುಳಿಕೆ ‘ಫ್ಯೂಯೆಲ್’ಗಳೂ ಒಂದೇ ವಾಕ್ಯದಲ್ಲಿ ಬರುತ್ತವೆ. ರೂಢಿಯ ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: ‘ಇಂಧನ ವ್ಯವಸ್ಥೆಗಳಲ್ಲಿ ಪಳೆಯುಳಿಕೆ ಇಂಧನಗಳಿಂದ ದೂರ ಸರಿಯುವುದು.’ ಎರಡು ‘ಇಂಧನ’ಗಳಲ್ಲಿ ಯಾವುದನ್ನು ಬಿಡಬೇಕು, ಯಾವುದು ಉಳಿಯಬೇಕು? ‘ಶಕ್ತಿ ವ್ಯವಸ್ಥೆಗಳಲ್ಲಿ ಪಳೆಯುಳಿಕೆ ಇಂಧನಗಳಿಂದ ದೂರ ಸರಿಯುವುದು’ ಎಂದೊಡನೆ ವಾಕ್ಯ ತಿಳಿಯಾಯಿತು.

‘ಶಕ್ತಿ’ಗೆ ಬಹಳ ಅರ್ಥಗಳಿವೆ, ದೇವಿಯಿಂದ ಹಿಡಿದು ಕೊಳ್ಳುವ ಶಕ್ತಿಯವರೆಗೆ, ಎಂಬ ಆಕ್ಷೇಪ ಬಂದೇ ಬರುತ್ತದೆ. ಒಪ್ಪುತ್ತೇನೆ. ಆದರೆ ಹಲವು ಅರ್ಥಗಳಿರುವ ಪದ ಸಂದರ್ಭದಿಂದ ತಿಳಿಯಾಗುತ್ತದೆ. ತಪ್ಪು ಅರ್ಥದ ಪದ ಯಾವ ಸಂದರ್ಭದಲ್ಲೂ ತಿಳಿಯಾಗುವುದಿಲ್ಲ.

ಇನ್ನು ‘ಶುದ್ಧ’. ಅದೇ ಹಿರಿಯರು ಶೀರ್ಷಿಕೆ ಓದಿ ಕೇಳಿದ್ದು: ‘ಶುದ್ಧ ಇಂಧನವೆಂದರೆ ಕಲಬೆರಕೆ ಇಲ್ಲದ ಡೀಸೆಲ್ಲೇ?’ ಅವರ ಪ್ರಶ್ನೆ ನ್ಯಾಯವಾದದ್ದೇ. ಕನ್ನಡದಲ್ಲಿ ಶುದ್ಧ ಚಿನ್ನವೆಂದರೆ ಬೇರೇನೂ ಬೆರೆಯದ ಚಿನ್ನ. ‘ಶುದ್ಧ ಸುಳ್ಳು’ ಎನ್ನುವಾಗಲೂ ಬೆರಕೆಯಿಲ್ಲದ್ದು ಎಂಬುದೇ ಭಾವ. ಕೊಳೆ ಮಾಡದ್ದು ಎಂಬ ಅರ್ಥಕ್ಕೆ ‘ಶುಚಿ’ಯೋ ‘ನಿರ್ಮಲ’ವೋ ಹತ್ತಿರ, ಆದರೆ ‘ನಿರ್ಮಲ ಶಕ್ತಿ’ ಅಧ್ಯಾತ್ಮದ ಕಡೆಗೆ ಜಾರುತ್ತದೆ. ‘ಹೊಗೆಯಿಲ್ಲದ’ ಎನ್ನಬಹುದಿತ್ತು, ಆದರೆ ಅನಿಲ ಸ್ಥಾವರದ ಚಿಮಣಿಯಲ್ಲಿ ಕಣ್ಣಿಗೆ ಕಾಣುವ ಹೊಗೆ ಬಹಳ ಕಡಿಮೆ, ಇಂಗಾಲದ ಡೈಆಕ್ಸೈಡ್ ಮಾತ್ರ ಧಾರಾಳ. ಕರಾರುವಾಕ್ಕಾಗಿ ಹೇಳಬೇಕೆಂದರೆ ‘ಕಡಿಮೆ ಇಂಗಾಲದ ಶಕ್ತಿ’. (‘ಇಂಗಾಲ’ ಕೂಡ ‘ಅಂಗಾರ’ದ, ಅಂದರೆ ಕೆಂಡದ ತದ್ಭವ. ಇಂಧನ, ಇಂಗಾಲ ಎರಡೂ ಬೆಂಕಿಯ ಮನೆತನದವು ಎಂಬುದು ನನಗೆ ಈ ಹುಡುಕಾಟದಲ್ಲಿ ಸಿಕ್ಕ ಸಂತೋಷ.)

‘ಶುದ್ಧ’ಕ್ಕೂ ‘ನವೀಕರಿಸಬಹುದಾದ’ ಎಂಬುದಕ್ಕೂ ಅದಲುಬದಲು ಮಾಡುವುದನ್ನಂತೂ ನಿಲ್ಲಿಸಲೇಬೇಕು. ಪರಮಾಣು ಶಕ್ತಿಯಲ್ಲಿ ಇಂಗಾಲ ಕಡಿಮೆ, ಆದರೆ ಯುರೇನಿಯಂ ಬಳಸಿದಂತೆ ಮುಗಿಯುತ್ತದೆ. ಸೌದೆ ಮತ್ತೆ ಬೆಳೆಯುತ್ತದೆ, ಆದರೆ ಒಲೆಯ ಮುಂದೆ ಕುಳಿತವರ ಶ್ವಾಸಕೋಶಕ್ಕೆ ಅದು ಶುದ್ಧವಲ್ಲ. ‘ಶುದ್ಧ’ ಎಂಬ ಮಾತು ಕೆಲವರ ಪಾಲಿನ ಕೊಳೆಯನ್ನು ಮುಚ್ಚುತ್ತದೆ ಎಂಬ ಅಳುಕೂ ನನಗಿದೆ. ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಬಹುಪಾಲು ಬರುವುದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಣಿಗಳಿಂದ. ಅಲ್ಲಿ ಕೈಯಿಂದ ಅಗೆಯುವವರಿಗೆ ಈ ವಿಶೇಷಣ ಹೇಗೆ ಕೇಳಿಸೀತು? ಇದಕ್ಕೆ ಪದದಲ್ಲಿ ಪರಿಹಾರವಿಲ್ಲ, ಗಣಿಯ ನಿಯಮಗಳಲ್ಲಿದೆ. ಹಾಗಾಗಿ ‘ಶುದ್ಧ’ವನ್ನು ಶೀರ್ಷಿಕೆಯಲ್ಲಿ ಉಳಿಸಿಕೊಂಡು, ಒಳಪುಟಗಳಲ್ಲಿ ‘ಕಡಿಮೆ ಇಂಗಾಲದ’ ಎಂದು ಬರೆಯುತ್ತಿದ್ದೇನೆ.

ನನ್ನನ್ನು ಹೆಚ್ಚು ಕಾಡಿದ್ದು ಮೂರನೆಯ ಪದ. ‘ಪರಿವರ್ತನೆ’ಯನ್ನು ವಿಜ್ಞಾನ ಈಗಾಗಲೇ ಬೇರೆ ಕೆಲಸಕ್ಕೆ ಹಚ್ಚಿದೆ. ಕಲ್ಲಿದ್ದಲಿನ ಶಾಖಕ್ಕೆ ನೀರು ಹಬೆಯಾಗಿ, ಹಬೆ ಟರ್ಬೈನನ್ನು ತಿರುಗಿಸಿ, ಆ ತಿರುಗುವಿಕೆ ವಿದ್ಯುತ್ತಾಗುವುದೇ ಶಕ್ತಿಯ ಪರಿವರ್ತನೆ. ಈ ಹಾದಿಯಲ್ಲಿ ಕಲ್ಲಿದ್ದಲಿನ ಶಾಖದ ಮೂರನೇ ಒಂದು ಭಾಗ, ಒಳ್ಳೆಯ ಸ್ಥಾವರದಲ್ಲಿ ಶೇ 40ರಷ್ಟು, ವಿದ್ಯುತ್ತಾಗುತ್ತದೆ. ಉಳಿದದ್ದು ವ್ಯರ್ಥ ಶಾಖ. ಕೈಪಿಡಿಯಲ್ಲಿ ಈ ವಿವರಣೆಗೆ ಒಂದು ಇಡೀ ಅಧ್ಯಾಯವಿದೆ, ಅದರ ಹೆಸರೇ ‘ಶಕ್ತಿ ಪರಿವರ್ತನೆ’. ಪುಸ್ತಕದ ಹೆಸರೂ ಅದೇ ಆದರೆ ಗತಿ ಏನು?

‘ಸ್ಥಿತ್ಯಂತರ’ ಸರಿಯಾದ ಪದ, ಆದರೆ ತರಗತಿಯಲ್ಲಿ ಯಾರ ನಾಲಿಗೆಗೂ ಹತ್ತುವುದಿಲ್ಲ. ‘ಪಲ್ಲಟ’ದಲ್ಲಿ ಏನೋ ಕಳೆದುಹೋದ ದನಿಯಿದೆ. ‘ಸಂಕ್ರಮಣ’ ನನಗೆ ಬಹಳ ಇಷ್ಟವಾಗಿತ್ತು: ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು, ‘ಸಂಕ್ರಮಣ ಕಾಲ’ ಎಂಬ ಬಳಕೆಯೂ ಜೀವಂತವಾಗಿದೆ. ಆದರೆ ‘ಶಕ್ತಿ ಸಂಕ್ರಮಣ’ ಎಂದು ಜೋಡಿಸಿ ಗಟ್ಟಿಯಾಗಿ ಓದಿದಾಗ ಪೂಜೆಯ ಹೆಸರಿನಂತೆ ಕೇಳಿಸಿತು. ಸಂಕ್ರಮಣವೆಂದರೆ ತಾನಾಗಿಯೇ ನಡೆಯುವಂಥದ್ದು ಕೂಡ. ಸೂರ್ಯನನ್ನು ಯಾರೂ ದಾಟಿಸಬೇಕಿಲ್ಲ. ಇದನ್ನು ದಾಟಿಸಲು ಕಾನೂನು, ಹಣ, ತಂತಿ, ದುಡಿಯುವ ಕೈಗಳು ಬೇಕು.

ಕೊನೆಗೆ ‘ಹೊರಳು’ ಹತ್ತಿರ ಬಂತು. ಜರ್ಮನರು ಸುಮಾರು 1980ರಿಂದ ಬಳಸುತ್ತಿರುವ ‘ಎನರ್ಗೀವೆಂಡೆ’ಯ ‘ವೆಂಡೆ’ ಎಂದರೂ ತಿರುವು, ಹೊರಳು ಎಂದೇ ಅರ್ಥ. ‘ಹೊರಳು’ ಕ್ರಿಯಾಪದವೂ ಆಗಿರುವುದು ಇನ್ನೊಂದು ಅನುಕೂಲ. ಕನ್ನಡದಲ್ಲಿ ‘ಹೊರಳುವುದು’ ಎಂದ ಕೂಡಲೇ ಕೇಳುವವರು ‘ಯಾವುದರಿಂದ? ಯಾವುದಕ್ಕೆ?’ ಎನ್ನುತ್ತಾರೆ. ‘ಇಂದ’ ಮತ್ತು ‘ಗೆ’ ಎರಡನ್ನೂ ತುಂಬದೆ ವಾಕ್ಯ ಮುಗಿಯದು. ಅಂತರರಾಷ್ಟ್ರೀಯ ದಾಖಲೆಗಳಲ್ಲಿ ಜಗಳ ನಡೆಯುವುದೂ ಯಾವುದರಿಂದ, ಎಷ್ಟು ದೂರ ಹೊರಳಬೇಕು ಎಂಬ ಪದಗಳ ಮೇಲೆಯೇ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮಾವೇಶದ ಕೊನೆಯ ಗಳಿಗೆಯಲ್ಲಿ ಕಲ್ಲಿದ್ದಲನ್ನು ಹಂತಹಂತವಾಗಿ ‘ನಿಲ್ಲಿಸುವುದು’ ಎಂಬ ಅರ್ಥದ ಪದವನ್ನು ತೆಗೆದು ‘ತಗ್ಗಿಸುವುದು’ ಎಂಬ ಅರ್ಥದ ಪದವನ್ನು ಇಟ್ಟರು. ಎರಡಕ್ಕೂ ‘ಹಂತಹಂತದ ಕಡಿತ’ ಎಂದು ಒಂದೇ ಅನುವಾದ ಬರೆದರೆ, ಆ ರಾತ್ರಿ ನಡೆದ ಇಡೀ ಹಗ್ಗಜಗ್ಗಾಟವೇ ಕನ್ನಡ ಓದುಗರಿಗೆ ಕಾಣದೆ ಹೋಗುತ್ತದೆ.

ಹಾಗಾಗಿ ಸದ್ಯಕ್ಕೆ ಮುಖಪುಟದಲ್ಲಿ ‘ಶುದ್ಧ ಶಕ್ತಿಯತ್ತ ಹೊರಳು’ ಎಂದು ಬರೆದಿಟ್ಟಿದ್ದೇನೆ. ಬಾಯ್ಲರ್ ಹಿರಿಯರು ಅದಕ್ಕೆ ಗೆರೆ ಎಳೆಯಲಿಲ್ಲ. ಆದರೆ ‘ನ್ಯಾಯಯುತ ಹೊರಳು’ ಎಂಬುದರ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದರು. ಇಂಗ್ಲಿಷಿನ ‘ಜಸ್ಟ್ ಟ್ರಾನ್ಸಿಷನ್’ ಕಾರ್ಮಿಕ ಸಂಘಗಳ ಬಾಯಲ್ಲಿ ಹುಟ್ಟಿದ ಮಾತು: ಈ ಬದಲಾವಣೆಯಲ್ಲಿ ದುಡಿಯುವವರಿಗೆ ಅನ್ಯಾಯವಾಗಬಾರದು ಎಂದು ಅದರ ಅರ್ಥ. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಪ್ರಸ್ತಾವನೆಯಲ್ಲೂ ಅದಕ್ಕೆ ಜಾಗ ಸಿಕ್ಕಿತು. ‘ನ್ಯಾಯಯುತ’ ಎಂದಾಗ ನ್ಯಾಯಾಲಯ ನೆನಪಾಗುತ್ತದೆಯೇ ಹೊರತು ಕೆಲಸ ಕಳೆದುಕೊಳ್ಳುವವರಲ್ಲ. ಇಂಧನವಿಲ್ಲದ ಸ್ಥಾವರದಲ್ಲಿ ಕಲ್ಲಿದ್ದಲು ತೂಗುವವರು, ಪುಡಿ ಮಾಡುವವರು, ಬೂದಿ ಸಾಗಿಸುವವರು ಬೇಕಿಲ್ಲ. ಬ್ರಿಟನ್ನಿನಲ್ಲಿ 1882ರಲ್ಲಿ ಲಂಡನ್ನಿನ ಸ್ಥಾವರವಾದ ಹೋಬರ್ನ್ ವಯಾಡಕ್ಟ್‌ನಿಂದ ಶುರುವಾದ ಕಲ್ಲಿದ್ದಲು ವಿದ್ಯುತ್ತು 2024ರ ಸೆಪ್ಟೆಂಬರ್ 30ರಂದು ರಾಟ್‌ಕ್ಲಿಫ್ ಸ್ಥಾವರ ನಿಂತಾಗ ಮುಗಿಯಿತು. ನೂರ ನಲವತ್ತೆರಡು ವರ್ಷ ಬೆಳೆದ ಒಂದು ಕಸುಬಿನ ಪದಗಳೂ ಆ ದಿನ ಕೆಲಸ ಕಳೆದುಕೊಂಡಿರಬೇಕು. ‘ದುಡಿಯುವವರನ್ನು ಬೀದಿಪಾಲು ಮಾಡದ ಹೊರಳು’ ಎಂದು ನಾನು ಬರೆದೆ. ಉದ್ದವಾಯಿತು, ಆದರೆ ಅವರು ಓದಿ ತಲೆಯಾಡಿಸಿದರು. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದೆಯೇ?

‘ಸಾಮರ್ಥ್ಯ’ದ ಬಗ್ಗೆ, ಅಂದರೆ ಯಂತ್ರವೊಂದು ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಎಂಬುದರ ಬಗ್ಗೆ, ಒಂದು ಮಾತು ಮಾತ್ರ. 1 ಮೆಗಾವಾಟ್ ಯಂತ್ರ ವರ್ಷದ 8,760 ಗಂಟೆಯೂ ಪೂರ್ತಿ ಓಡಿದರೆ 87.6 ಲಕ್ಷ ಯೂನಿಟ್. ಅಷ್ಟೇ ಮೆಗಾವಾಟಿನ ಸೌರ ಘಟಕದಿಂದ ಒಳ್ಳೆಯ ಬಿಸಿಲಿನಲ್ಲಿ ಅದರ ಐದನೇ ಒಂದು ಭಾಗದ ಆಸುಪಾಸು ಸಿಗುತ್ತದೆ, ರಾತ್ರಿಯಂತೂ ಇದ್ದೇ ಇದೆಯಲ್ಲ. ದುಬೈ ನಿರ್ಣಯ 2030ರೊಳಗೆ ಮೂರು ಪಟ್ಟು ಮಾಡಲು ಕರೆ ಕೊಟ್ಟದ್ದು ನವೀಕರಿಸಬಹುದಾದ ಶಕ್ತಿಯ ‘ಸಾಮರ್ಥ್ಯ’ವನ್ನು. ಅದನ್ನು ‘ಉತ್ಪಾದನೆ ಮೂರು ಪಟ್ಟು’ ಎಂದು ಅನುವಾದಿಸುವವರು ದಯವಿಟ್ಟು ಗಮನಿಸಬೇಕು.

ಕೊನೆಯದಾಗಿ, ನಾನು ಸೋತು ಕುಳಿತಿರುವ ಪದ ‘ಕರ್ಟೈಲ್‌ಮೆಂಟ್’. ನಡುಮಧ್ಯಾಹ್ನ ಬಿಸಿಲು ಜೋರಾಗಿದೆ, ಸೌರ ಘಟಕಗಳೆಲ್ಲ ಪೂರ್ತಿ ಉತ್ಪಾದಿಸುತ್ತಿವೆ. ಅಷ್ಟನ್ನು ಬಳಸುವವರಿಲ್ಲ, ಅಥವಾ ಹೊತ್ತೊಯ್ಯುವಷ್ಟು ತಂತಿ ಮಾರ್ಗವಿಲ್ಲ. ಆಗ ಗ್ರಿಡ್ ನಿಯಂತ್ರಣ ಕೊಠಡಿಯಿಂದ ‘ಇಳಿಸಿ’ ಎಂಬ ಸೂಚನೆ ಬರುತ್ತದೆ. ಇನ್ವರ್ಟರ್‌ನ ಪರದೆಯ ಮೇಲೆ ಅಂಕಿ ಸರಸರ ಇಳಿಯುತ್ತದೆ, ಫಲಕಗಳ ಮೇಲೆ ಬಿಸಿಲು ಸುಮ್ಮನೆ ಬಿದ್ದಿರುತ್ತದೆ. ಬ್ಯಾಟರಿಗಳೂ ಹೊಸ ತಂತಿ ಮಾರ್ಗಗಳೂ ಏಕೆ ಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ದೃಶ್ಯವಿಲ್ಲ. ಕರಡಿನಲ್ಲಿ ನಾನು ಬರೆದದ್ದು ‘ವಿದ್ಯುತ್ ಕಡಿತ’. ಓದಿದವರೆಲ್ಲ ಮನೆಯಲ್ಲಿ ಕರೆಂಟು ಹೋಗುವುದು ಎಂದೇ ತಿಳಿದರು. ಕೊರತೆಯಿಂದ ಆಗುವುದು ಆ ಕಡಿತ, ಇದು ಹೆಚ್ಚಾದದ್ದರಿಂದ ಆಗುವುದು. ಎರಡಕ್ಕೂ ಒಂದೇ ಪದವಿದ್ದರೆ ಅರ್ಥ ತಲೆಕೆಳಗಾಗುತ್ತದೆ. ‘ಉತ್ಪಾದನೆ ತಡೆ’ ಎಂದು ತಿದ್ದಿದರೆ ಯಾರೋ ಮುಷ್ಕರ ಹೂಡಿದಂತಿದೆ. ‘ಮಿಗತೆ ಇಳಿಕೆ’ ಎಂದರೆ ಮಿಗತೆ ತಾನೇ ಇಳಿದಂತೆ.

ಸೌರ ಘಟಕಗಳಲ್ಲೋ ನಿಯಂತ್ರಣ ಕೊಠಡಿಗಳಲ್ಲೋ ಕೆಲಸ ಮಾಡುವವರು ಬಳಗದಲ್ಲಿದ್ದರೆ, ಆ ಸೂಚನೆ ಬಂದಾಗ ನಿಮ್ಮ ನಿಮ್ಮಲ್ಲಿ ಕನ್ನಡದಲ್ಲಿ ಏನೆಂದು ಹೇಳಿಕೊಳ್ಳುತ್ತೀರಿ ಎಂಬುದನ್ನು ಹಾಗೆ ಹಾಗೆಯೇ ಬರೆದು ಕಳಿಸಿ. ಕೈಪಿಡಿಯ ಒಂಬತ್ತನೆಯ ಅಧ್ಯಾಯದಲ್ಲಿ ಆ ಪದಕ್ಕೆ ಜಾಗ ಖಾಲಿ ಬಿಟ್ಟಿದ್ದೇನೆ.