ಲಿಪ್ ಬ್ಲಶ್ ಮಾಡ್ಸಿದೀನಿ, ಈಗ ಅಡಾಪಲೀನ್ ಗ್ಲೈಕಾಲಿಕ್ ಎಲ್ಲಾ ಬಿಡ್ಬೇಕಾ?

ಮಂಜಿನೂರು

ಎಲ್ರಿಗೂ ನಮಸ್ಕಾರ, ನಾನು ಮಡಿಕೇರಿ ಕಡೆಯವಳು. ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ಮೈಸೂರಿಗೆ ಹೋಗಿ ಲಿಪ್ ಬ್ಲಶ್ ಮಾಡ್ಸಿದೆ, ಸೂಜಿಯಲ್ಲಿ ತುಟಿಗೆ ಬಣ್ಣ ಇಳಿಸ್ತಾರಲ್ಲ, ಪರ್ಮನೆಂಟ್ ಲಿಪ್ ಕಲರ್ ಅಂತಾರೆ, ಅದು. ನನ್ ತುಟಿ ಮೊದ್ಲಿಂದ ಕಪ್ಪು, ಅದಕ್ಕೆ ಫಸ್ಟ್ ಸಿಟಿಂಗಲ್ಲಿ ಕಿತ್ತಳೆ ಬಣ್ಣ ಹಾಕಿ ಕಪ್ಪು ಕಡ್ಮೆ ಮಾಡಿದಾರೆ, ಎರಡನೇ ಸಿಟಿಂಗಲ್ಲಿ ಗುಲಾಬಿ ಹಾಕ್ತಾರಂತೆ. ಸಿಪ್ಪೆ ಎದ್ದಿದ್ದೆಲ್ಲಾ ಉದುರಿ ಈಗ ತುಟಿ ವಾಸಿಯಾಗಿದೆ. ಆದ್ರೆ ಅವ್ರು ಒಂದು ತಿಂಗಳು ಮುಖಕ್ಕೆ ಏನೂ ಹಚ್ಬೇಡಿ ಅಂದಿದ್ದು ಬಿಟ್ರೆ ಆಮೇಲೆ ಏನ್ಮಾಡ್ಬೇಕು ಅಂತ ಹೇಳ್ಲೇ ಇಲ್ಲ, ಮೆಸೇಜ್ ಮಾಡಿದ್ರೆ ಬ್ಲೂ ಟಿಕ್ ಬರತ್ತೆ ಉತ್ತರ ಬರಲ್ಲ.

ನನಗೆ ಗದ್ದದ ಸುತ್ತ ಮೊಡವೆ. ಡಾಕ್ಟರ್ ಕೊಟ್ಟ ಅಡಾಪಲೀನ್ ಜೆಲ್ ರಾತ್ರಿ ಹಚ್ತಿದ್ದೆ, ನಡುವೆ ಗ್ಲೈಕಾಲಿಕ್ ಟೋನರ್, ಬೆಳಿಗ್ಗೆ ವಿಟಮಿನ್ ಸಿ. ಬಿಟ್ಟಿದ್ದಕ್ಕೆ ಮೊಡವೆ ಎಲ್ಲಾ ವಾಪಸ್ ಬಂದಿದೆ. ಇದ್ರ ಜೊತೆ ಕಸಿನ್ ದುಬೈಯಿಂದ ಕೆಂಪು ಲೈಟ್ ಬರೋ ಎಲ್‌ಇಡಿ ಮಾಸ್ಕ್ ಒಂದು, ಕೂದಲು ತೆಗೆಯೋ ಐಪಿಎಲ್ ಮೆಷಿನ್ ಒಂದು ತಂದ್ಕೊಟ್ಟಿದಾಳೆ, ಮೇಲ್ತುಟಿ ಕೂದಲಿಗೆ ಅದನ್ನ ಬಳಸೋಣ ಅಂತಿದೆ. ಜನವರಿ ಕೊನೆಗೆ ಅಣ್ಣನ ಮದುವೆ. ಇಷ್ಟು ದುಡ್ಡು ಕೊಟ್ಟು ಹಾಕ್ಸಿರೋ ಬಣ್ಣ ಹೋಗ್ಬಾರ್ದು, ಮುಖಾನೂ ಹಾಳಾಗ್ಬಾರ್ದು. ಯಾವ್ದು ಮುಂದುವರ್ಸ್ಬಹುದು ಯಾವ್ದು ಬಿಡ್ಬೇಕು ಗೊತ್ತಿದ್ದೋರು ಹೇಳಿ ಪ್ಲೀಸ್.

ಕುಶಾಲನಗರ ಪಾರ್ಲರ್ ಅಕ್ಕ

ನಾನು ಐಬ್ರೋ, ಲಿಪ್ ಪಿಗ್ಮೆಂಟೇಶನ್ ಎರಡೂ ಮಾಡ್ತೀನಿ ಅದಕ್ಕೆ ಹೇಳ್ತಿದೀನಿ. ಯಾವ ಕ್ರೀಮನ್ನೂ ಪೂರ್ತಿ ಬಿಡೋ ಅಗತ್ಯ ಇಲ್ಲಮ್ಮ, ತುಟಿಗೆ ತಾಗ್ಬಾರ್ದು ಅಷ್ಟೇ. ಆದ್ರೆ ಆ ಅಷ್ಟೇ ಅನ್ನೋದ್ರಲ್ಲೇ ಎಲ್ಲಾ ಇರೋದು. ಅಡಾಪಲೀನ್, ಟ್ರೆಟಿನಾಯಿನ್, ರೆಟಿನಾಲ್, ಗ್ಲೈಕಾಲಿಕ್ ಇವೆಲ್ಲಾ ಚರ್ಮದ ಮೇಲ್ಪದರ ಬೇಗ ಬೇಗ ಉದುರಿ ಹೊಸ್ದು ಬರೋ ಹಂಗೆ ಮಾಡ್ತವೆ. ತುಟಿ ಚರ್ಮ ಮುಖದ ಚರ್ಮಕ್ಕಿಂತ ಎಷ್ಟೋ ತೆಳು, ಎಣ್ಣೆನೂ ಇಲ್ಲ, ಅಲ್ಲಿಗೆ ದಿನಾ ಇದು ಹೋಗ್ತಿದ್ರೆ ಒಣಗಿ ಒಡೆದು ಸಿಪ್ಪೆ ಏಳ್ತಾನೇ ಇರುತ್ತೆ, ಬಣ್ಣ ಬೇಗ ಮಂಕಾಗುತ್ತೆ. ಎರಡು ಮೂರು ವರ್ಷ ಬರ್ಬೇಕಾದ್ದು ವರ್ಷಕ್ಕೇ ಮಾಸ್ಬಹುದು.

ಗದ್ದಕ್ಕೆ ಹಚ್ಚಿದ್ದು ಗದ್ದದಲ್ಲೇ ಇರುತ್ತೆ ಅಂತ ಎಲ್ರೂ ಅಂದ್ಕೊಳ್ತಾರೆ. ಇರಲ್ಲ. ಮಗ್ಗುಲಾಗಿ ಮಲಗ್ತೀರಾ, ದಿಂಬಿಗೆ ಉಜ್ಜುತ್ತೆ, ಬಾಯಿ ಮೂಲೆಗೆ ಬರುತ್ತೆ. ಬೆಳಿಗ್ಗೆ ಮುಖ ತೊಳಿಯುವಾಗ ಉಳಿದಿದ್ದೆಲ್ಲಾ ತುಟಿ ಮೇಲೆ ಹಾದೇ ಇಳಿಯೋದು. ಅದಕ್ಕೆ ನಾನು ಕಸ್ಟಮರಿಗೆ ಹೇಳ್ಕೊಡೋದು ಹಿಂಗೆ, ರಾತ್ರಿ ಮುಖ ತೊಳ್ದು ಒರ್ಸಿ ಪೂರ್ತಿ ಒಣಗೋಕೆ ಬಿಡಿ, ಮೊದ್ಲು ವ್ಯಾಸಲಿನ್, ಜೆಲ್ ಆಮೇಲೆ. ಉಲ್ಟಾ ಮಾಡಿದ್ರೆ ಜೆಲ್ಲನ್ನ ನೀವೇ ಎಳ್ಕೊಂಡು ತುಟಿ ಮೇಲೆ ತಂದಂಗೆ. ವ್ಯಾಸಲಿನ್ ಬೆರಳಲ್ಲಿ ಬೇಡ, ಇಯರ್ ಬಡ್‌ಲ್ಲಿ ತಗೊಂಡು ತುಟಿ ಮೇಲೆ ಹಚ್ಚಿ ಆಮೇಲೆ ಗೆರೆ ದಾಟಿ ಹೊರಗೂ ಅರ್ಧ ಬೆರಳಗಲ ಬರೋ ಹಂಗೆ ಸುತ್ತ ಎಳೀರಿ, ಗದ್ದೆಗೆ ಬದು ಕಟ್ಟಿದಂಗೆ. ಬಾಯಿ ಮೂಲೆ ಎರಡೂ ಕಡೆ ಸ್ವಲ್ಪ ದಪ್ಪಕ್ಕೇ ಇರ್ಲಿ, ಸೋರೋದು ಅಲ್ಲೇ. ಆಮೇಲೆ ಜೆಲ್ ತಗೊಂಡು ಬದುವಿನ ಆಚೆಯಿಂದ ಶುರು ಮಾಡಿ ಕೆಳಗಡೆ ಎಳೀರಿ, ಮೇಲಕ್ಕಲ್ಲ. ಕೈ ತೊಳೀದೆ ಅದೇ ಬೆರಳಲ್ಲಿ ಲಿಪ್ ಬಾಮ್ ಡಬ್ಬಿಗೆ ಕೈ ಹಾಕ್ಬೇಡಿ. ಟೋನರ್ ಸ್ಪ್ರೇ ಮಾಡೋ ಅಭ್ಯಾಸ ಇದ್ರೆ ಬಿಡಿ, ಹತ್ತಿಯಲ್ಲಿ ಒತ್ತಿ ಹಚ್ಚಿ. ವಿಟಮಿನ್ ಸಿ ಅಷ್ಟು ತೊಂದ್ರೆ ಕೊಡಲ್ಲ, ಆದ್ರೂ ಗೆರೆ ದಾಟಿಸ್ಬೇಡಿ.

ಇನ್ನೊಂದು, ಲಿಪ್ ಬಾಮ್ ಹಿಂದೆ ಬರ್ದಿರೋದು ಓದಿ. ಕೆಲವು ಮೆಡಿಕೇಟೆಡ್ ಬಾಮಲ್ಲಿ ಸ್ಯಾಲಿಸಿಲಿಕ್ ಆಸಿಡ್ ಇರುತ್ತೆ, ಒಡೆದ ತುಟಿಗೆ ಅಂತಾನೇ ಮಾರ್ತಾರೆ. ತುಟಿ ದಪ್ಪ ಕಾಣೋಕೆ ಅಂತ ಉರಿ ಬರೋ ಗ್ಲಾಸ್ ಬರುತ್ತಲ್ಲ ಅದೂ ಬೇಡ.

ಏಲಕ್ಕಿ ತೋಟ

ಅಯ್ಯೋ ಇಷ್ಟೆಲ್ಲಾ ಕೆಮಿಕಲ್ ಯಾಕಮ್ಮ ಮುಖಕ್ಕೆ. ನಮ್ಮನೇಲಿ ತೋಟದ ಜೇನಿಗೆ ಸಕ್ಕರೆ ಸೇರ್ಸಿ ತುಟಿ ಉಜ್ತೀವಿ, ಕಿತ್ತಳೆ ಸಿಪ್ಪೆ ಒಣಗ್ಸಿ ಪುಡಿ ಮಾಡಿ ಮೊಸರಲ್ಲಿ ಕಲ್ಸಿ ಮುಖಕ್ಕೆ ಹಾಕ್ತೀವಿ. ನ್ಯಾಚುರಲ್, ಏನೂ ಆಗಲ್ಲ.

ಪೊನ್ನಂಪೇಟೆ ಹುಡ್ಗಿ

ಆಂಟಿ ತಪ್ಪು ತಿಳ್ಕೋಬೇಡಿ, ಬರೀ ಜೇನು ಓಕೆ, ಆದ್ರೆ ಸಕ್ಕರೆ ಹಾಕಿ ಉಜ್ಜೋದು ಅಂದ್ರೆ ತುಟಿ ಮೇಲ್ಪದರ ಕೆರೆದು ತೆಗ್ಯೋದೇ ತಾನೇ, ಅವ್ರು ಏನು ಆಗ್ಬಾರ್ದು ಅಂತ ಕೇಳ್ತಿದಾರೋ ಅದೇ. ಮೊಸರಲ್ಲಿ ಇರೋದು ಲ್ಯಾಕ್ಟಿಕ್ ಆಸಿಡ್, ಕಿತ್ತಳೆ ನಿಂಬೆಯಲ್ಲಿ ಸಿಟ್ರಿಕ್, ಹೆಸ್ರು ಬೇರೆ ಅಷ್ಟೇ, ಬಾಟ್ಲಿಯಲ್ಲಿ ಬಂದ್ರೆ ಕೆಮಿಕಲ್ ಅಡಿಗೆಮನೇಲಿ ಇದ್ರೆ ನ್ಯಾಚುರಲ್ ಅನ್ನೋದು ನನಗಂತೂ ಅರ್ಥ ಆಗಲ್ಲ. ಪ್ಯಾಕ್ ಹಾಕಿದ್ರೂ ಅದೇ ವ್ಯಾಸಲಿನ್ ಬದು ಬೇಕು.

ಮತ್ತೆ ಮಂಜಿನೂರು, ಟಚಪ್, ಅಂದ್ರೆ ಆ ಎರಡನೇ ಸಿಟಿಂಗ್, ಆದ ವಾರ ಪಂದಿಕರಿ ಮನೇಲಿ ಮಾಡಿದ್ರೆ ದೂರ ಇರಿ. ನಮ್ಮಕ್ಕ ತುಟಿ ಇನ್ನೂ ಹಸಿ ಇರುವಾಗ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ, ಹಾಕಿದ್ದು ತಿಂದ್ಬಿಟ್ಳು, ಗಾಂಧಾರಿ ಮೆಣಸು ಬೇರೆ, ಐಸ್ ಹಿಡ್ಕೊಂಡು ಕೂತಿದ್ದು ನೋಡ್ಬೇಕಿತ್ತು 😅

ಸ್ಕಿನ್ ಓಪಿಡಿ ಸಿಸ್ಟರ್

ನಾನು ಚರ್ಮ ವಿಭಾಗದಲ್ಲಿ ನರ್ಸ್. ಕ್ರೀಮ್ ವಿಷ್ಯ ಅಕ್ಕ ಸರಿಯಾಗೇ ಹೇಳಿದಾರೆ. ನನಗೆ ಭಯ ಆಗಿದ್ದು ಆ ಐಪಿಎಲ್ ಮೆಷಿನ್ ಓದಿ, ಅದರ ಬಗ್ಗೆ ಯಾರೂ ಮಾತಾಡ್ತಿಲ್ಲ. ಅದನ್ನ ಮೇಲ್ತುಟಿಗೆ ಹಿಡೀಲೇಬೇಡಿ. ಐಪಿಎಲ್ ಕೆಲ್ಸ ಮಾಡೋದೇ ಕಪ್ಪು ಬಣ್ಣ ಬೆಳಕನ್ನ ಹೀರಿ ಬಿಸಿಯಾಗೋದ್ರಿಂದ, ಕೂದಲಿನ ಬಣ್ಣ ಯಾವ್ದು ತುಟಿಗೆ ಹಾಕ್ಸಿದ ಬಣ್ಣ ಯಾವ್ದು ಅಂತ ಅದಕ್ಕೆ ಗೊತ್ತಾಗಲ್ಲ. ಸುಟ್ಟ ಗಾಯ ಆಗ್ಬಹುದು. ಬಾಕ್ಸಲ್ಲಿ ಬಂದಿರೋ ಪುಸ್ತಕ ತೆಗ್ದು ನೋಡಿ, ತುಟಿ ಮೇಲೆ, ಟ್ಯಾಟೂ ಮೇಲೆ, ಪರ್ಮನೆಂಟ್ ಮೇಕಪ್ ಮೇಲೆ ಬಳಸ್ಬೇಡಿ ಅಂತ ಬರ್ದೇ ಇರುತ್ತೆ. ಚರ್ಮದ ಬಣ್ಣದ ಚಾರ್ಟೂ ಇರುತ್ತೆ, ಕಪ್ಪು ಚರ್ಮಕ್ಕೆ ಎಲ್ಲೂ ಬೇಡ ಅಂತಾರೆ. ಮೇಲ್ತುಟಿಗೆ ದಾರದಲ್ಲಿ ಥ್ರೆಡಿಂಗ್ ಮಾಡ್ಸಿ, ವಾಸಿಯಾದ ತುಟಿಗೆ ಅದ್ರಿಂದ ಏನೂ ಆಗಲ್ಲ.

ಕ್ಲಿನಿಕ್ಕಲ್ಲಿ ಮಚ್ಚೆ, ಬಂಗಿಗೆ ಅಂತ ಲೇಸರ್ ಮಾಡ್ಸೋದಾದ್ರೂ ಮೊದ್ಲೇ ತುಟಿ ವಿಷ್ಯ ಹೇಳಿ, ನೋಡೋಕೆ ನಿಮ್ಮದೇ ಬಣ್ಣ ಇದ್ದಂಗೆ ಇರುತ್ತೆ ಡಾಕ್ಟರಿಗೂ ಗೊತ್ತಾಗಲ್ಲ. ಈ ಬಣ್ಣಗಳಲ್ಲಿ ಎಷ್ಟೋ ಸಲ ಐರನ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುತ್ತೆ, ಲೇಸರ್ ಬಿದ್ರೆ ಅಲ್ಲೇ ಬಣ್ಣ ಬದಲಾಗಿ ಬೂದು ಇಲ್ಲಾ ಕಪ್ಪು ತಿರುಗ್ಬಹುದು. ತಿಳಿ ಗುಲಾಬಿ ತುಟಿ ಒಂದೇ ಏಟಿಗೆ ಸ್ಲೇಟ್ ಬಣ್ಣ ಆದ್ರೆ ಅದನ್ನ ಸರಿ ಮಾಡ್ಸೋದು ಸುಲಭ ಅಲ್ಲ. ಮನೇಲಿ ಡರ್ಮಾ ರೋಲರ್, ಸಣ್ಣ ಸೂಜಿ ಇರೋ ಉರುಳೆ, ಆಡ್ಸೋರು ತುಟಿ ಗೆರೆ ಹತ್ರ ಬರ್ಲೇಬಾರ್ದು, ಅದು ನಾನು ಹೇಳ್ಬೇಕಿಲ್ಲ ಅನ್ಸುತ್ತೆ.

ಎಲ್‌ಇಡಿ ಮಾಸ್ಕ್ ಬೇರೆ ಕಥೆ, ಅದು ಐಪಿಎಲ್ ತರ ಒಂದೇ ಫ್ಲಾಶಲ್ಲಿ ಸುಡಲ್ಲ, ಬಣ್ಣ ಒಡೆಯೋ ಶಕ್ತಿ ಅದಕ್ಕಿಲ್ಲ. ತುಟಿ ವಾಸಿಯಾದ ಮೇಲೆ ಹಾಕ್ಕೊಬಹುದು. ಆದ್ರೆ ಟಚಪ್ ಆಗಿ ತುಟಿ ಊದಿರೋ ದಿನಗಳಲ್ಲಿ ಮಾಸ್ಕ್ ಒತ್ತಿಟ್ಕೊಂಡು ಕೂರೋದು ಬೇಡ.

ಒಂದು ಕೇಳ್ತೀನಿ, ನಿಮಗೆ ಜ್ವರ ಬಂದಾಗ ಬಿಸಿಲಿಗೆ ಹೋದಾಗ ತುಟಿ ಅಂಚಲ್ಲಿ ಗುಂಪಾಗಿ ನೀರ್ಗುಳ್ಳೆ ಬರುತ್ತಾ? ಅದು ಹರ್ಪಿಸ್ ವೈರಸ್, ಒಮ್ಮೆ ಬಂದ್ರೆ ಒಳಗೇ ಕೂತಿರುತ್ತೆ, ಸೂಜಿ ಆಡಿದ್ರೆ ಮತ್ತೆ ಏಳ್ಬಹುದು, ಎದ್ರೆ ಆ ಜಾಗದಲ್ಲಿ ಬಣ್ಣ ನಿಲ್ಲಲ್ಲ. ಬರೋ ಅಭ್ಯಾಸ ಇದ್ರೆ ಟಚಪ್‌ಗೆ ಮುಂಚೆನೇ ಡಾಕ್ಟರ್ ಹತ್ರ ಹೋಗಿ, ಅಸೈಕ್ಲೊವಿರ್ ತರದ ಮಾತ್ರೆ ಬೇಕಾ ಅಂತ ಅವ್ರು ಹೇಳ್ತಾರೆ, ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ತಗೋಬೇಡಿ.

ಮಂಜಿನೂರು

ಅಬ್ಬಾ ಸಿಸ್ಟರ್ ಒಳ್ಳೇ ಟೈಮಿಗೆ ಹೇಳಿದ್ರಿ, ಈ ಭಾನುವಾರ ಅದನ್ನ ಚಾರ್ಜಿಗೆ ಹಾಕೋದ್ರಲ್ಲಿದ್ದೆ. ನೀರ್ಗುಳ್ಳೆ ಬರುತ್ತೆ, ಪ್ರತಿ ಬೇಸಿಗೆಲೂ ಬರುತ್ತೆ, ಸ್ಟುಡಿಯೋದಲ್ಲಿ ಯಾರೂ ಇದನ್ನ ಕೇಳ್ಲೇ ಇಲ್ಲ. ಡಾಕ್ಟರ್ ನೋಡ್ತೀನಿ. ಇನ್ನೆರಡು ಡೌಟು. ಇಲ್ಲಿ ಮೋಡ ಮಂಜು ಇರೋ ದಿನಾನೂ ತುಟಿಗೆ ಸನ್‌ಸ್ಕ್ರೀನ್ ಬೇಕಾ? ಟಚಪ್ ಮುಂದಿನ ತಿಂಗಳು ಮೊದಲ ವಾರಕ್ಕೆ ಬಾ ಅಂದಿದಾರೆ, ಅಷ್ಟರಲ್ಲಿ ಹುತ್ತರಿ ಹಬ್ಬ ಬರತ್ತೆ, ಮದುವೆ ಕರೆಯೋಕೆ ಬೇರೆ ಓಡಾಟ, ಮುಂದೂಡಿದ್ರೆ ತೊಂದ್ರೆನಾ?

ಪೊನ್ನಂಪೇಟೆ ಹುಡ್ಗಿ

ಸನ್‌ಸ್ಕ್ರೀನ್ ಬೇಕೇ ಬೇಕು. ತೆಳ್ಳನೆ ಮೋಡ ಯುವಿ ಕಿರಣನ ಹೆಚ್ಚೇನೂ ತಡೆಯಲ್ಲ, ಮೇಲಾಗಿ ಎತ್ತರ ಹೋದಂಗೆಲ್ಲಾ ಅದು ಜಾಸ್ತಿ, ಸಾವಿರ ಮೀಟರಿಗೆ ಸುಮಾರು 10 ಪರ್ಸೆಂಟ್ ಅಂತ ಲೆಕ್ಕ, ಮಡಿಕೇರಿ ಸಾವಿರ ಮೀಟರ್‌ಗಿಂತ ಮೇಲೇ ಇದೆ. ಎಸ್‌ಪಿಎಫ್ 30 ಇರೋ ಲಿಪ್ ಬಾಮ್ ತಗೊಳಿ, ಕಾಫಿ ಕುಡಿದ ಮೇಲೆ ಮತ್ತೆ ಹಚ್ಚಿ, ಎಲ್ರೂ ಬೆಳಿಗ್ಗೆ ಒಂದ್ಸಲ ಹಚ್ಚಿ ಮರ್ತುಬಿಡ್ತಾರೆ. ನೀವು ಅಡಾಪಲೀನ್ ಬೇರೆ ಹಚ್ಚೋದ್ರಿಂದ ಮುಖಕ್ಕೂ ಬೇಕು.

ಕುಶಾಲನಗರ ಪಾರ್ಲರ್ ಅಕ್ಕ

ಮುಂದೂಡಿ, ಏನೂ ಆಗಲ್ಲ. ಆರರಿಂದ ಎಂಟು ವಾರಕ್ಕೆ ಕರೆಯೋದು ಅಷ್ಟರೊಳಗೆ ಬಣ್ಣ ಪೂರ್ತಿ ಕೂತಿರುತ್ತೆ ಅಂತ, ಅದಕ್ಕಿಂತ ಬೇಗ ಮಾಡ್ಸೋದು ತಪ್ಪು, ತಡ ಆದ್ರೆ ಪರ್ವಾಗಿಲ್ಲ. ಹುತ್ತರಿ ಊಟ ಮುಗ್ಸಿ ಡಿಸೆಂಬರ್ ಎರಡನೇ ವಾರ ಇಟ್ಕೊಳಿ, ಮದುವೆ ಹೊತ್ತಿಗೆ ನಿಜವಾದ ಬಣ್ಣ ಬಂದಿರುತ್ತೆ. ಮೊದ್ಲ ವಾರ ಕಡು ಕಾಣುತ್ತೆ, ಸಿಪ್ಪೆ ಎದ್ದಾಗ ಬಣ್ಣನೇ ಹೋಯ್ತೇನೋ ಅನ್ಸುತ್ತೆ, ನಿಮಗೆ ಈಗ ಗೊತ್ತಲ್ಲ ಗಾಬರಿ ಬೀಳಲ್ಲ.

ಅಡಾಪಲೀನ್ ಗ್ಲೈಕಾಲಿಕ್ ಎರಡನ್ನೂ ಟಚಪ್‌ಗೆ ಒಂದು ವಾರ ಮುಂಚೆ ಬಾಯಿ ಸುತ್ತ ನಿಲ್ಸಿ, ಆದ್ಮೇಲೆ ಒಂದು ತಿಂಗಳು ಗದ್ದಕ್ಕೆ ಬೇಡ. ಹಣೆ ಕೆನ್ನೆಗೆ ಸಿಪ್ಪೆ ಪೂರ್ತಿ ಉದುರಿದ ಮೇಲೆ ಶುರು ಮಾಡ್ಬಹುದು. ಆ ತಿಂಗಳು ಗದ್ದದ ಮೊಡವೆಗೆ ಬೇರೆ ಏನಾದ್ರೂ ಇದ್ಯಾ ಅಂತ ಹೆಂಗೂ ಡಾಕ್ಟರ್ ಹತ್ರ ಹೋಗ್ತೀರಲ್ಲ, ನೀರ್ಗುಳ್ಳೆ ಮಾತ್ರೆ ಕೇಳುವಾಗಲೇ ಇದನ್ನೂ ಕೇಳಿ. ಮದುವೆ ಹಿಂದಿನ ವಾರ ಯಾರಾದ್ರೂ ಫೇಸ್ ಬ್ಲೀಚ್ ಮಾಡ್ಸೋಣ ಅಂತ ಎಳ್ಕೊಂಡು ಹೋದ್ರೆ ತುಟಿ ಸುತ್ತ ಬಿಟ್ಟು ಹಾಕಿ ಅಂತ ಮೊದ್ಲೇ ಬಾಯ್ಬಿಟ್ಟು ಹೇಳಿ, ಪಾರ್ಲರ್ ಹುಡ್ಗೀರು ಗೆರೆ ಮೇಲೇ ಎಳೆದುಬಿಡ್ತಾರೆ.