ವಾಷಿಂಗ್ ಮೆಷಿನ್ ಪೈಪ್ ಕಳಚಿ ಕೆಳಮನೆಗೆ ನೀರು: ಅಡ್ವಾನ್ಸ್‌ನಲ್ಲಿ ಎಷ್ಟು ಹಿಡೀಬಹುದು?

ಪ್ರಶ್ನೆ: ಮೇಡಂ, ಬೆಂಗಳೂರಲ್ಲಿ ಎರಡನೇ ಮಹಡಿ ಮನೇಲಿ ನಾಲ್ಕು ವರ್ಷ ಬಾಡಿಗೆಗಿದ್ವಿ, ಹೋದ ತಿಂಗಳು ಖಾಲಿ ಮಾಡಿದ್ವಿ. ಬಾಡಿಗೆ 22 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ. ಕೊನೇ ವಾರ ಆಫೀಸಿಗೆ ಹೋಗಿದ್ದಾಗ ವಾಷಿಂಗ್ ಮೆಷಿನ್ ಪೈಪ್ ಕಳಚಿ ಕೆಳಗಿನ ಮನೆಯ ಫಾಲ್ಸ್ ಸೀಲಿಂಗ್ ಉಬ್ಬಿಹೋಯ್ತು. ಓನರ್ ಆಂಟಿ ಸೀಲಿಂಗ್‌ಗೆ 38 ಸಾವಿರ, ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ಗೋಡೆ ಕಲೆಗೆ 6, ಅಡುಗೆಮನೆ ಗ್ರಾನೈಟ್ ಹೊಳಪು ಹೋಗಿದೆ ಅಂತ 15, ಒಟ್ಟು 81 ಸಾವಿರ ಹಿಡ್ಕೊಂಡಿದ್ದಾರೆ. ಬೇಕಂತ ಮಾಡಿದ್ದಲ್ಲವಲ್ಲ, ಯಾಕೆ ಕೊಡ್ಬೇಕು?

ವಕೀಲರ ಉತ್ತರ: ‘ಬೇಕಂತ ಮಾಡಿಲ್ಲ’ ಅನ್ನೋದು ಇಲ್ಲಿ ನಡೆಯಲ್ಲ ಸರ್. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಮನೆ ಹೇಗೆ ಕೈಗೆ ಬಂತೋ ಹಾಗೇ ಬಾಡಿಗೆದಾರ ವಾಪಸ್ ಕೊಡಬೇಕು. ಬಳಕೆಯಿಂದ ಸಹಜವಾಗಿ ಸವೆದದ್ದು, ತಡೆಯೋಕಾಗದ ಶಕ್ತಿಯಿಂದ ಹಾಳಾದದ್ದು ಇದಕ್ಕೆ ಸೇರಲ್ಲ. ನಿಮ್ಮ ಕೈತಪ್ಪಿಂದ ಆದದ್ದು ನಿಮ್ಮ ಖರ್ಚೇ. ಆದರೆ ಅಗ್ರಿಮೆಂಟ್‌ನಲ್ಲಿ ಬೇರೆ ಬರೆದಿದ್ದರೆ ಮೊದಲು ಅದೇ ಮಾತು.

ಹಾಗಾಗಿ ಪೈಪ್ ಎಲ್ಲಿ ಬಿಟ್ಟುಕೊಂಡಿತು ಅನ್ನೋದೇ ಮುಖ್ಯ. ನಲ್ಲಿಗೆ ಕೂರಿಸೋ ಪ್ಲಾಸ್ಟಿಕ್ ನಟ್ ಸಡಿಲಾಗಿ ಕಳಚಿದ್ದರೆ ಮೆಷಿನ್ನೂ ನಿಮ್ಮದು, ಪೈಪೂ ನಿಮ್ಮದು, ನಲ್ಲಿ ತೆರೆದಿಟ್ಟು ಹೋದವರೂ ನೀವೇ. ಗೋಡೆಯೊಳಗಿನ ಹಳೇ ಪೈಪ್ ತುಕ್ಕು ಹಿಡಿದು ಒಡೆದಿದ್ದರೆ ಆಂಟಿ ನಿಮ್ಮ ಹತ್ರ ಕೇಳೋ ಹಾಗೇ ಇಲ್ಲ. ರಿಪೇರಿ ಮಾಡಿದ ಪ್ಲಂಬರ್‌ನಿಂದ ಎರಡು ಸಾಲು ಬರೆಸಿಟ್ಟುಕೊಳ್ಳಿ.

ನಿಮ್ಮದೇ ಆದರೂ 38 ಸಾವಿರಕ್ಕೆ ಬಿಲ್ ಬೇಕು. ಉಬ್ಬಿದ್ದು ಎರಡು ಬೋರ್ಡ್ ಆಗಿದ್ದರೆ ಇಡೀ ಹಾಲ್‌ನ ಸೀಲಿಂಗ್ ಹೊಸದಾಗಿ ಮಾಡಿಸಿಕೊಳ್ಳೋಕೆ ನಿಮ್ಮ ಅಡ್ವಾನ್ಸ್ ಇರೋದಲ್ಲ. ಪೇಂಟಿಂಗ್ ಅಗ್ರಿಮೆಂಟ್‌ನಲ್ಲಿದ್ದರೆ ಕೊಟ್ಟುಬಿಡಿ, ಬೆಂಗಳೂರಲ್ಲಿ ಅದು ರೂಢಿಯೇ ಆಗಿಹೋಗಿದೆ. ಆದರೆ ಬಳಿಯೋ ಗೋಡೆಗೆ ಕಲೆ ಅಂತ ಮತ್ತೆ 6 ಸಾವಿರ? ಒಂದೇ ಗೋಡೆಗೆ ಎರಡು ಸಲ ದುಡ್ಡು. ನಾಲ್ಕು ವರ್ಷ ಅಡುಗೆ ಮಾಡಿದ ಕಟ್ಟೆ ಹೊಳಪು ಕಳ್ಕೊಳ್ಳೋದು ಸಹಜ ಸವೆತ, ಅದಕ್ಕೂ ಕೊಡಬೇಡಿ. ಕುಟ್ಟಾಣಿ ಬಿದ್ದು ಸೀಳಿದ್ದರೆ ಮಾತು ಬೇರೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮೇಡಂ, ನಾನು ಓನರ್ ಕಡೆಯವನು. ಟೆನೆಂಟ್ ಇದ್ದಾಗ ಗೀಸರ್ ಸುಟ್ಟುಹೋಯ್ತು. ಯಾರದ್ದು?

ಉತ್ತರ: ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಕಾಯಿಲ್ ಹೋಗಿದ್ದರೆ ನಿಮ್ಮದು. ಟ್ಯಾಂಕ್ ಖಾಲಿ ಅಂತ ಗೊತ್ತಿದ್ದೂ ಸ್ವಿಚ್ ಹಾಕಿದ್ದರೆ ಅವರದ್ದು. ಬಿಚ್ಚಿ ನೋಡಿದ ಎಲೆಕ್ಟ್ರಿಷಿಯನ್‌ನ ಕೇಳಿ. ಹತ್ತು ವರ್ಷದ ಗೀಸರ್ ಆದರೆ ಹೊಸದರ ರೇಟ್ ಮಾತ್ರ ಕೇಳಬೇಡಿ.

ಪ್ರಶ್ನೆ (ಮೊದಲನೆಯವರು): ಪೈಪ್ ನಟ್ ಹತ್ರಾನೇ ಕಳಚಿದ್ದು ಮೇಡಂ. ಆಂಟಿ ಫೋನ್ ಎತ್ತುತ್ತಿಲ್ಲ.

ಉತ್ತರ: ಹಾಗಾದರೆ ಸೀಲಿಂಗ್ ಒಪ್ಪಿಕೊಳ್ಳಿ, ಬಿಲ್ ನೋಡಿಯೇ. ವಾಟ್ಸ್ಆ್ಯಪ್‌ನಲ್ಲಿ ಲೆಕ್ಕ ಬರೆದು ಕಳಿಸಿ: ಇಷ್ಟು ಒಪ್ಪಿದ್ದೇನೆ, ಇಷ್ಟು ಒಪ್ಪಲ್ಲ, ಉಳಿದದ್ದು 15 ದಿನದಲ್ಲಿ ಹಾಕಿ ಅಂತ. ಸಿಟ್ಟಿನ ಮಾತು ಬೇಡ, ನಾಳೆ ಅದನ್ನೇ ನ್ಯಾಯಾಧೀಶರು ಓದಬಹುದು. ಉತ್ತರ ಬರದಿದ್ದರೆ ಲೀಗಲ್ ನೋಟಿಸ್ ಕಳಿಸೋಣ, ಅಗ್ರಿಮೆಂಟ್ ಫೋಟೋ ಇನ್‌ಬಾಕ್ಸ್‌ಗೆ ಹಾಕಿ.